ನೀಲಿ ಚುಕ್ಕೆಗೆ ಎಷ್ಟು ಗೊತ್ತಿರಬೇಕು?

ಎಲ್ಲರಿಗೂ ನಮಸ್ಕಾರ. ಮಾತು ಶುರು ಮಾಡುವ ಮೊದಲು ನಿಮಗೊಂದು ಚಿಕ್ಕ ಕೆಲಸ ಕೊಡುತ್ತೇನೆ. ಫೋನ್ ತೆಗೆದು ಮ್ಯಾಪ್ ತೆರೆಯಿರಿ. ನೀಲಿ ಚುಕ್ಕೆ ಕಾಣುತ್ತಿದೆ ಅಲ್ವಾ? ಚುಕ್ಕೆಯನ್ನು ಬಿಡಿ. ಅದರ ಸುತ್ತ ತಿಳಿ ನೀಲಿ ಬಣ್ಣದ ಒಂದು ವೃತ್ತ ಇರುತ್ತದೆ, ಅದನ್ನು ನೋಡಿ. ಕೆಲವರಿಗೆ ಅದು ಈ ಸಭಾಂಗಣದಷ್ಟು ಅಗಲ ಇರಬಹುದು. ಕೆಲವರಿಗೆ ಪಕ್ಕದ ರಸ್ತೆಯನ್ನೂ ನುಂಗಿರಬಹುದು. ಎಲ್ಲರೂ ಒಂದೇ ಸೂರಿನ ಕೆಳಗೆ ಕೂತಿದ್ದೇವೆ. ಫೋನುಗಳ ಲೆಕ್ಕದಲ್ಲಿ ಮಾತ್ರ ಒಬ್ಬೊಬ್ಬರು ಒಂದೊಂದು ಕಡೆ.

ಆ ವೃತ್ತವನ್ನು ಸುಮ್ನೆ ಚೆಂದಕ್ಕೆ ಬಿಡಿಸಿಲ್ಲ. ಆಂಡ್ರಾಯ್ಡ್ ಫೋನು ಆ್ಯಪ್‌ಗೆ ಲೊಕೇಶನ್ ಕೊಡುವಾಗ ಜೊತೆಗೆ ಒಂದು ತ್ರಿಜ್ಯವನ್ನೂ ಕೊಡುತ್ತದೆ. ನೀವು ಆ ತ್ರಿಜ್ಯದ ಒಳಗೆ ಇರುವ ಸಾಧ್ಯತೆ ಶೇ. 68 ಎಂದು ಅದರ ಅರ್ಥ. ಹಾಗಾದರೆ ಮೂರರಲ್ಲಿ ಹೆಚ್ಚುಕಮ್ಮಿ ಒಂದು ಸಲ ನೀವು ವೃತ್ತದ ಹೊರಗೇ ಇರುತ್ತೀರಿ. ಫೋನಿಗೆ ಇದು ಗೊತ್ತು. ನಮಗೆ ಯಾರೂ ಹೇಳುವುದಿಲ್ಲ.

ಲೊಕೇಶನ್ ಸೇವೆಗಳ ಭವಿಷ್ಯ ಅಂದ ತಕ್ಷಣ ಎಲ್ಲರೂ ಈ ವೃತ್ತ ಇನ್ನೆಷ್ಟು ಚಿಕ್ಕದಾಗುತ್ತದೆ ಅಂತ ಕೇಳುತ್ತಾರೆ. ಚಿಕ್ಕದಾಗುತ್ತದೆ, ಅನುಮಾನ ಬೇಡ. ಆ ಕೆಲಸ ಎಂಜಿನಿಯರುಗಳ ಕೈಯಲ್ಲಿದೆ, ಚೆನ್ನಾಗಿಯೇ ನಡೆಯುತ್ತಿದೆ. ನನ್ನ ತಲೆ ತಿನ್ನುವ ಪ್ರಶ್ನೆ ಬೇರೆ. ಒಂದು ಸೇವೆ ತನ್ನ ಕೆಲಸ ಮಾಡಲು ನಮ್ಮ ಬಗ್ಗೆ ಎಷ್ಟು ತಿಳಿದರೆ ಸಾಕು? ಈಗ ಅದು ಎಷ್ಟು ತಿಳಿದುಕೊಳ್ಳುತ್ತಿದೆ? ಈ ಎರಡರ ನಡುವಿನ ಅಂತರ ತುಂಬಾ ದೊಡ್ಡದು. ಮುಂದಿನ ಹತ್ತು ವರ್ಷದ ಜಗಳವೆಲ್ಲ ಅಲ್ಲೇ ನಡೆಯುತ್ತದೆ ಎಂದು ನನಗನ್ನಿಸುತ್ತದೆ.

ಮೊದಲು ಚುಕ್ಕೆ ಹುಟ್ಟುವ ಬಗೆ ನೋಡೋಣ. ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿ.ಮೀ. ಎತ್ತರದಲ್ಲಿ ಸುತ್ತುತ್ತಿವೆ. ಅವು ನಿಮ್ಮನ್ನು ನೋಡುವುದಿಲ್ಲ, ನಿಮ್ಮ ಫೋನ್ ಇದೆ ಅನ್ನುವುದೂ ಅವಕ್ಕೆ ಗೊತ್ತಿಲ್ಲ. ತಾನು ಎಲ್ಲಿದ್ದೇನೆ, ಈಗ ಸಮಯ ಎಷ್ಟು ಎಂದು ಪ್ರತಿ ಉಪಗ್ರಹವೂ ಸಾರುತ್ತಾ ಹೋಗುತ್ತದೆ, ಅಷ್ಟೇ. ಆ ಮಾತು ತಲುಪಲು ಎಷ್ಟು ಹೊತ್ತು ಬೇಕಾಯಿತು ಎಂದು ಫೋನು ಲೆಕ್ಕ ಹಾಕಿ ದೂರ ಕಂಡುಹಿಡಿಯುತ್ತದೆ. ರೇಡಿಯೋ ಅಲೆ ಒಂದು ನ್ಯಾನೋಸೆಕೆಂಡಿನಲ್ಲಿ ಸುಮಾರು 30 ಸೆಂ.ಮೀ. ಸಾಗುತ್ತದೆ. ಸಮಯ ಒಂದು ಮೈಕ್ರೋಸೆಕೆಂಡ್ ತಪ್ಪಿದರೆ ದೂರ 300 ಮೀಟರ್ ತಪ್ಪುತ್ತದೆ. ಉಪಗ್ರಹದಲ್ಲಿ ಪರಮಾಣು ಗಡಿಯಾರ ಇದೆ, ಫೋನಿನಲ್ಲಿ ಇರುವುದು ಅಗ್ಗದ ಗಡಿಯಾರ. ಜಾಗ ಕಂಡುಹಿಡಿಯಲು ಮೂರು ಉಪಗ್ರಹ ಸಾಕು, ಆ ಅಗ್ಗದ ಗಡಿಯಾರದ ತಪ್ಪನ್ನು ತಿದ್ದಿಕೊಳ್ಳಲು ನಾಲ್ಕನೆಯದು ಬೇಕಾಗುತ್ತದೆ. ಇನ್ನೊಂದು ವಿಷಯ. ಅಷ್ಟು ಎತ್ತರದಲ್ಲಿ, ಆ ವೇಗದಲ್ಲಿ ಗಡಿಯಾರಗಳು ದಿನಕ್ಕೆ ಸುಮಾರು 38 ಮೈಕ್ರೋಸೆಕೆಂಡ್ ಮುಂದೆ ಓಡುತ್ತವೆ. ಐನ್‌ಸ್ಟೈನರ ಸಾಪೇಕ್ಷತಾ ಸಿದ್ಧಾಂತದ ಪ್ರಕಾರ ಲೆಕ್ಕ ಹಾಕಿ ಇದನ್ನು ಸರಿಪಡಿಸದಿದ್ದರೆ ಒಂದೇ ದಿನದಲ್ಲಿ ಹತ್ತು ಕಿ.ಮೀ.ಗೂ ಜಾಸ್ತಿ ತಪ್ಪು ಕೂಡಿಬಿಡುತ್ತದೆ.

2000ದ ಮೇ ತಿಂಗಳವರೆಗೆ ಜನಸಾಮಾನ್ಯರಿಗೆ ಸಿಗುತ್ತಿದ್ದ ಸಿಗ್ನಲ್ಲನ್ನು ಅಮೆರಿಕ ಬೇಕಂತಲೇ ಕೆಡಿಸಿ ಕಳಿಸುತ್ತಿತ್ತು. 100 ಮೀಟರಿನಷ್ಟು ತಪ್ಪು ಇರುತ್ತಿತ್ತು. ಆ ತಿಂಗಳು ಅದನ್ನು ನಿಲ್ಲಿಸಿದರು. ಇವತ್ತಿನ ಟ್ಯಾಕ್ಸಿ ಆ್ಯಪ್, ಡೆಲಿವರಿ ಆ್ಯಪ್ ಎಲ್ಲದರ ಹುಟ್ಟು ಆ ಒಂದು ಸರ್ಕಾರಿ ತೀರ್ಮಾನದಲ್ಲಿದೆ. ಈಗ ಜಿಪಿಎಸ್ ಒಂಟಿಯಲ್ಲ. ರಷ್ಯಾದ ಗ್ಲೋನಾಸ್, ಯುರೋಪಿನ ಗೆಲಿಲಿಯೋ, ಚೀನಾದ ಬೈಡೋ, ನಮ್ಮ ನಾವಿಕ್, ಜಪಾನಿನ ಕ್ಯೂಝಡ್‌ಎಸ್‌ಎಸ್ ಇವೆ. 2018ರಿಂದ ಎರಡು ತರಂಗಾಂತರ ಹಿಡಿಯುವ ಫೋನುಗಳು ಬಂದಿವೆ. ಗೆಲಿಲಿಯೋ 2023ರಿಂದ ಸುಮಾರು 20 ಸೆಂ.ಮೀ. ನಿಖರತೆಯ ಗುರಿ ಇಟ್ಟುಕೊಂಡು ಉಚಿತ ಸೇವೆ ಕೊಡುತ್ತಿದೆ. ಅದಕ್ಕೆ ತಕ್ಕ ರಿಸೀವರ್ ಬೇಕು ಅನ್ನುವುದು ಬೇರೆ ಮಾತು.

ಬಯಲಿನಲ್ಲಿ ಸಾಮಾನ್ಯ ಫೋನೂ ಐದು ಮೀಟರಿನ ಆಸುಪಾಸಿಗೆ ಬರುತ್ತದೆ. ತೊಂದರೆ ಇರುವುದು ಎತ್ತರದ ಕಟ್ಟಡಗಳ ನಡುವೆ. ಸಿಗ್ನಲ್ ಗೋಡೆಗೆ ಬಡಿದು ಬಳಸಿಕೊಂಡು ಬರುತ್ತದೆ, ಫೋನು ಅದನ್ನು ನೇರವಾಗಿ ಬಂದಿದ್ದು ಅಂತ ನಂಬುತ್ತದೆ. ನೀವು ರಸ್ತೆಯ ಈ ಬದಿ ನಿಂತಿದ್ದರೆ ಕ್ಯಾಬ್ ಆ ಬದಿಗೆ ಬಂದು ನಿಲ್ಲುವುದು ಇದರಿಂದಲೇ. ಕಟ್ಟಡಗಳ ಮೂರು ಆಯಾಮದ ಮಾದರಿ ಇಟ್ಟುಕೊಂಡು ಯಾವ ಸಿಗ್ನಲ್ ಬಳಸಿ ಬಂದಿರಬಹುದು ಎಂದು ಲೆಕ್ಕ ಹಾಕುವ ವಿಧಾನ ಈಗಾಗಲೇ ಕೆಲವು ಫೋನುಗಳಲ್ಲಿದೆ. ಕ್ಯಾಮೆರಾ ಹಿಡಿದು ಎದುರಿನ ಕಟ್ಟಡ ತೋರಿಸಿದರೆ ನಿಂತ ಜಾಗ ಹೇಳುವ ವಿಧಾನವೂ ಬಂದಿದೆ. ಒಳಾಂಗಣಕ್ಕೆ ವೈಫೈ, ಬ್ಲೂಟೂತ್, ಅಲ್ಟ್ರಾವೈಡ್‌ಬ್ಯಾಂಡ್ ಇವೆ. ಇವುಗಳ ಬಗ್ಗೆ ಇನ್ನೂ ಮಾತಾಡಬಹುದು, ಆದರೆ ಬಿಡೋಣ. ಇದು ಹೇಗೂ ಗೆಲ್ಲುವ ಕುದುರೆ.

ಒಂದು ಕಡೆ ಮಾತ್ರ ನಾನು ಹೆಚ್ಚಿನ ನಿಖರತೆಯ ಪರ, ಒಂದು ಚೂರೂ ಹಿಂಜರಿಕೆ ಇಲ್ಲ. ಅದು ತುರ್ತು ಕರೆ. ಮೊಬೈಲಿನಿಂದ ಸಹಾಯಕ್ಕೆ ಕರೆ ಮಾಡಿದವರು ಎಲ್ಲಿದ್ದಾರೆ ಅನ್ನುವುದು ಬಹಳ ಕಾಲ ಟವರಿನ ಲೆಕ್ಕದಲ್ಲೇ ಗೊತ್ತಾಗುತ್ತಿತ್ತು. ಹಳ್ಳಿಗಾಡಿನಲ್ಲಿ ಅಂದರೆ ಕೆಲವು ಕಿ.ಮೀ. ಸುತ್ತಳತೆ. ಆಂಬುಲೆನ್ಸ್ ಎಲ್ಲಿ ಹುಡುಕಬೇಕು? 2014ರಲ್ಲಿ ಬ್ರಿಟನ್ನಿನಲ್ಲಿ ಒಂದು ಸರಳ ಉಪಾಯ ಶುರುವಾಯಿತು. ತುರ್ತು ಸಂಖ್ಯೆ ಒತ್ತಿದ ಕೂಡಲೇ ಫೋನು ತಾನಾಗಿ ಲೊಕೇಶನ್ ಆನ್ ಮಾಡಿಕೊಂಡು, ಸಿಕ್ಕಿದ್ದನ್ನು ಎಸ್‌ಎಂಎಸ್ ಮೂಲಕ ಕಂಟ್ರೋಲ್ ರೂಮಿಗೆ ಕಳಿಸುತ್ತದೆ. ಎಎಂಎಲ್ (ಅಡ್ವಾನ್ಸ್ಡ್ ಮೊಬೈಲ್ ಲೊಕೇಶನ್) ಎಂದು ಅದರ ಹೆಸರು. 2022ರ ಮಾರ್ಚಿನಿಂದ ಯುರೋಪ್ ಒಕ್ಕೂಟದಲ್ಲಿ ಮಾರುವ ಸ್ಮಾರ್ಟ್‌ಫೋನ್‌ಗಳೆಲ್ಲ ಲೊಕೇಶನ್ನನ್ನು ಹೀಗೆ ತುರ್ತು ಸೇವೆಗೆ ತಲುಪಿಸುವಂತಿರಬೇಕು. ಅಮೆರಿಕದಲ್ಲಿ ಮಹಡಿಯನ್ನೂ ಹೇಳಬೇಕು ಎಂಬ ಒತ್ತಾಯ ಬಂದು, ಎತ್ತರದ ಅಂದಾಜು 3 ಮೀಟರಿನ ಒಳಗಿರಬೇಕೆಂಬ ನಿಯಮವನ್ನೇ ಮಾಡಿದ್ದಾರೆ.

ಇಲ್ಲಿ ಗಮನಿಸಬೇಕಾದ್ದು ಸೇವೆಯ ಆಕಾರ. ಲೊಕೇಶನ್ ಒಮ್ಮೆ ಹೋಗುತ್ತದೆ, ಕಾರಣ ಗೊತ್ತಿದೆ, ಪಡೆಯುವವರು ಗೊತ್ತಿದ್ದಾರೆ. ಕರೆ ಮುಗಿದ ಮೇಲೆ ಫೋನು ಮತ್ತೆ ಕಳಿಸುವುದಿಲ್ಲ. ಜೊತೆಗೆ ಆ ಸಂದೇಶದಲ್ಲಿ ಬರೀ ಚುಕ್ಕೆ ಇರುವುದಿಲ್ಲ, ತ್ರಿಜ್ಯವೂ ಇರುತ್ತದೆ. ಕಂಟ್ರೋಲ್ ರೂಮಿನವರಿಗೆ ಎಷ್ಟು ಅಗಲ ಹುಡುಕಬೇಕು ಅನ್ನುವುದು ಗೊತ್ತಾಗುತ್ತದೆ.

ತ್ರಿಜ್ಯ ಬಿಟ್ಟು ಚುಕ್ಕೆ ಮಾತ್ರ ಕೊಟ್ಟರೆ ಏನಾಗುತ್ತದೆ? ಅಮೆರಿಕದ ಕಾನ್ಸಾಸ್ ರಾಜ್ಯದ ಒಂದು ತೋಟದ ಮನೆಯ ಕಥೆ ಹೇಳಲೇಬೇಕು. ಮ್ಯಾಕ್ಸ್‌ಮೈಂಡ್ ಎಂಬ ಸಂಸ್ಥೆ ಐಪಿ ವಿಳಾಸ, ಅಂದರೆ ಇಂಟರ್ನೆಟ್ಟಿಗೆ ಸೇರುವಾಗ ಸಿಗುವ ಸಂಖ್ಯೆ, ನೋಡಿ ಅದು ಯಾವ ಊರಿನದು ಎಂದು ಹೇಳುತ್ತದೆ. ಕೆಲವು ವಿಳಾಸಗಳಿಗೆ ದೇಶ ಅಮೆರಿಕ ಅನ್ನುವುದು ಬಿಟ್ಟು ಬೇರೇನೂ ಗೊತ್ತಿರಲಿಲ್ಲ. ಅಂಥವಕ್ಕೆ ದೇಶದ ನಡುಮಧ್ಯದ ಒಂದು ಬಿಂದು ಕೊಟ್ಟರು. ಅಂಕಿ ಸರಳವಾಗಿರಲಿ ಅಂತ ಅದನ್ನು 38 ಡಿಗ್ರಿ ಉತ್ತರ, 97 ಡಿಗ್ರಿ ಪಶ್ಚಿಮ ಎಂದು ದುಂಡು ಮಾಡಿದರು. ಆ ಬಿಂದು ಬಿದ್ದಿದ್ದು ಒಬ್ಬ ವಯಸ್ಸಾದ ಮಹಿಳೆಯ ಜಮೀನಿನಲ್ಲಿ. 2016ರಲ್ಲಿ ಒಬ್ಬ ಪತ್ರಕರ್ತೆ ಇದನ್ನು ಬಯಲಿಗೆಳೆಯುವ ಹೊತ್ತಿಗೆ 60 ಕೋಟಿಗೂ ಹೆಚ್ಚು ಐಪಿ ವಿಳಾಸಗಳು ಆ ಮನೆಯನ್ನೇ ತೋರಿಸುತ್ತಿದ್ದವು. ವರ್ಷಗಟ್ಟಲೆ ಆ ಮನೆಗೆ ಪೊಲೀಸರು ಬಂದರು, ತೆರಿಗೆಯವರು ಬಂದರು, ಆಂಬುಲೆನ್ಸ್ ಬಂತು. ಮೋಸ ಹೋದವರು ಕಳ್ಳನನ್ನು ಹುಡುಕಿಕೊಂಡು ಬಂದರು. ಅಲ್ಲಿದ್ದವರಿಗೆ ಯಾಕೆ ಹೀಗಾಗುತ್ತಿದೆ ಎಂದೇ ತಿಳಿಯಲಿಲ್ಲ. ಕೊನೆಗೆ ಸಂಸ್ಥೆ ಆ ಬಿಂದುವನ್ನು ಎತ್ತಿ ಒಂದು ಕೆರೆಯ ನಡುವೆ ಹಾಕಿತು. ಇನ್ನು ಯಾರಾದರೂ ಹುಡುಕಿಕೊಂಡು ಹೋದರೆ ನೀರಿಗೇ ಇಳಿಯಬೇಕು.

 ಆ ಮಾಹಿತಿಯನ್ನು ಬಳಸಿದವರು ಅದು ಬರೀ ಅಂದಾಜು ಅನ್ನುವುದನ್ನು ಮರೆತು ಮ್ಯಾಪಿನಲ್ಲಿ ಪಿನ್ ಚುಚ್ಚಿದರು. ಇವತ್ತಿಗೂ ಮುಕ್ಕಾಲು ಪಾಲು ಆ್ಯಪ್‌ಗಳು ಇದನ್ನೇ ಮಾಡುತ್ತವೆ ಎಂದರೆ ನನಗೆ ಆಶ್ಚರ್ಯವಿಲ್ಲ.

ಅಂಕಿಗಳ ವಿಷಯ ಬಂತು, ಇದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಲೊಕೇಶನ್ ಅಂದರೆ ಕೊನೆಗೆ ಎರಡು ಸಂಖ್ಯೆ, ಅಕ್ಷಾಂಶ ಮತ್ತು ರೇಖಾಂಶ. ಒಂದು ಡಿಗ್ರಿ ಅಕ್ಷಾಂಶ ಸುಮಾರು 111 ಕಿ.ಮೀ. ದಶಮಾಂಶದ ಆಚೆ ಒಂದು ಅಂಕಿ ಇಟ್ಟರೆ 11 ಕಿ.ಮೀ. ಎರಡು ಇಟ್ಟರೆ 1.1 ಕಿ.ಮೀ. ಮೂರಕ್ಕೆ 110 ಮೀಟರ್, ನಾಲ್ಕಕ್ಕೆ 11 ಮೀಟರ್, ಐದಕ್ಕೆ 1.1 ಮೀಟರ್. ಫೋನುಗಳು ಆರು ಏಳು ಅಂಕಿ ಧಾರಾಳವಾಗಿ ಕೊಡುತ್ತವೆ. ಏಳನೆಯದು ಒಂದು ಸೆಂ.ಮೀ. ಐದು ಮೀಟರ್ ತಪ್ಪುವ ಯಂತ್ರ ಸೆಂಟಿಮೀಟರ್ ಲೆಕ್ಕ ಹೇಳಿದರೆ ಅದು ಬರೀ ಜಂಭ.

ಈಗ ಕೇಳಿಕೊಳ್ಳಿ. ಇವತ್ತು ಮಳೆ ಬರುತ್ತಾ ಅಂತ ಹೇಳುವ ಆ್ಯಪ್‌ಗೆ ಎಷ್ಟು ಅಂಕಿ ಬೇಕು? ಒಂದು, ಹೆಚ್ಚೆಂದರೆ ಎರಡು. ಹತ್ತಿರದ ಆಸ್ಪತ್ರೆಗಳ ಪಟ್ಟಿ ಕೊಡಲು? ಎರಡು ಸಾಕು. ಸಿನಿಮಾ ಟಿಕೆಟ್‌ಗೆ? ಊರಿನ ಹೆಸರು ಸಾಕು. ಕ್ಯಾಬ್ ಕರೆಯಲು ಮಾತ್ರ ಐದು ಬೇಕು, ಅದೂ ಹತ್ತುವ ತನಕ. ಆದರೆ ಎಲ್ಲ ಆ್ಯಪ್‌ಗಳಿಗೂ ಒಂದೇ ಥರ ಏಳಂಕಿಯನ್ನು ದಿನವಿಡೀ ಸುರಿಯುತ್ತಾ ಬಂದಿದ್ದೇವೆ. 2020ರಲ್ಲಿ ಐಫೋನಿನ ಐಓಎಸ್ 14, ಮರುವರ್ಷ ಆಂಡ್ರಾಯ್ಡ್ 12 ‘ಅಂದಾಜು ಲೊಕೇಶನ್ ಮಾತ್ರ ಕೊಡು’ ಎಂಬ ಆಯ್ಕೆ ತಂದವು. ನನ್ನ ಮಟ್ಟಿಗೆ ಈ ಕ್ಷೇತ್ರದಲ್ಲಿ ಇತ್ತೀಚೆಗೆ ನಡೆದ ಅತಿ ಮುಖ್ಯ ಬದಲಾವಣೆ ಅದೇ. ಯಾವ ಉಪಗ್ರಹ ಉಡಾವಣೆಗಿಂತಲೂ ದೊಡ್ಡದು. ಆದರೂ ಅದನ್ನು ಬಳಸುವವರು ಎಷ್ಟು ಜನ ಇದ್ದೀರಿ, ಕೈ ಎತ್ತಿ ಅಂದರೆ ಸಭೆ ಸುಮ್ಮನಾಗುತ್ತದೆ.

ಹೆಸರು ತೆಗೆದು ಹಾಕಿದ್ದೇವೆ, ಆದ್ದರಿಂದ ಅಪಾಯವಿಲ್ಲ ಎಂದು ಕಂಪನಿಗಳು ಹೇಳುತ್ತವೆ. 2013ರಲ್ಲಿ ಪ್ರಕಟವಾದ ಒಂದು ಅಧ್ಯಯನ 15 ಲಕ್ಷ ಜನರ 15 ತಿಂಗಳ ಮೊಬೈಲ್ ದಾಖಲೆ ನೋಡಿತು. ಟವರ್ ಮಟ್ಟದ ಜಾಗ, ಗಂಟೆಯ ಲೆಕ್ಕದ ಸಮಯ, ಅಷ್ಟೇ. ಅಂಥ ನಾಲ್ಕು ಬಿಂದುಗಳಿದ್ದರೆ ಶೇ. 95 ಜನರನ್ನು ಉಳಿದವರಿಂದ ಬೇರೆ ಮಾಡಿ ಗುರುತಿಸಬಹುದು. ಯೋಚಿಸಿದರೆ ಸಹಜವೇ. ರಾತ್ರಿ ಒಂದು ಮನೆಯಲ್ಲಿ, ಹಗಲು ಒಂದು ಕಚೇರಿಯಲ್ಲಿ ಇರುವ ಚುಕ್ಕೆ ಜಗತ್ತಿನಲ್ಲಿ ಎಷ್ಟಿರುತ್ತದೆ? ಗುಂಪಿನಲ್ಲಿ ಬೆರೆಸಿದರೂ ತೊಂದರೆ ತಪ್ಪುವುದಿಲ್ಲ. ಸ್ಟ್ರಾವಾ ಎಂಬ ವ್ಯಾಯಾಮದ ಆ್ಯಪ್ ತನ್ನ ಬಳಕೆದಾರರು ಓಡಿದ ದಾರಿಗಳನ್ನೆಲ್ಲ ಸೇರಿಸಿ ಒಂದು ನಕ್ಷೆ ಬಿಟ್ಟಿತು. 2018ರ ಜನವರಿಯಲ್ಲಿ ಜನ ಅದನ್ನು ಹಿಗ್ಗಿಸಿ ನೋಡಿದರೆ, ಮರುಭೂಮಿಯ ಕತ್ತಲಲ್ಲಿ ಸೈನಿಕ ನೆಲೆಗಳ ಆಕಾರ ಬೆಳಗುತ್ತಿತ್ತು. ಸೈನಿಕರು ಬೆಳಗ್ಗೆ ಎದ್ದು ಓಡಿದ್ದೇ ತಪ್ಪಾಯಿತು.

ಕಮ್ಮಿ ತಿಳಿದುಕೊಂಡು ಜಾಸ್ತಿ ಕೆಲಸ ಮಾಡುವುದು ಸಾಧ್ಯವಾ ಅಂತ ಕೇಳಿದರೆ, ಸಾಧ್ಯ ಎಂದು ತೋರಿಸಿದ ಉದಾಹರಣೆಗಳಿವೆ. ಕೋವಿಡ್ ಬಂದಾಗ ಎಲ್ಲರೂ ಜಿಪಿಎಸ್ ಹಿಡಿದು ಜನರ ಜಾಡು ನೋಡೋಣ ಎಂದರು. 2020ರಲ್ಲಿ ಆ್ಯಪಲ್ ಮತ್ತು ಗೂಗಲ್ ಸೇರಿ ಮಾಡಿದ ವ್ಯವಸ್ಥೆಯಲ್ಲಿ ಲೊಕೇಶನ್ನೇ ಇರಲಿಲ್ಲ. ಫೋನುಗಳು ಆಗಾಗ ಬದಲಾಗುವ ಸಂಕೇತಗಳನ್ನು ಬ್ಲೂಟೂತಿನಲ್ಲಿ ಪರಸ್ಪರ ಹಂಚಿಕೊಂಡವು. ಸೋಂಕು ಎಲ್ಲಿ ತಗುಲಿತು ಅನ್ನುವುದಕ್ಕಿಂತ ಯಾರ ಹತ್ತಿರ ಕೂತಿದ್ದಿರಿ ಅನ್ನುವುದು ತಾನೇ ಬೇಕಿದ್ದದ್ದು? ಆ ವ್ಯವಸ್ಥೆ ರೋಗವನ್ನು ಎಷ್ಟು ತಡೆಯಿತು ಎಂಬ ಚರ್ಚೆ ಬೇರೆ. ಅದರ ವಿನ್ಯಾಸ ಮಾತ್ರ ನನಗೆ ಪಾಠದ ಹಾಗೆ ಕಾಣುತ್ತದೆ.

ಕೀಲಿಗೊಂಚಲಿಗೆ ಕಟ್ಟುವ ಟ್ಯಾಗುಗಳದ್ದೂ ಅದೇ ಜಾಣತನ. ಆ್ಯಪಲ್‌ನ ಟ್ಯಾಗಿನಲ್ಲಿ ಜಿಪಿಎಸ್ ಇಲ್ಲ. ಅದು ಬ್ಲೂಟೂತಿನಲ್ಲಿ ಒಂದು ಸಾರ್ವಜನಿಕ ಕೀಲಿಯನ್ನು, ಅಂದರೆ ಬೀಗ ಹಾಕಲು ಮಾತ್ರ ಬರುವ ಒಂದು ಸಂಕೇತವನ್ನು, ಸಾರುತ್ತದೆ. ಪಕ್ಕದಲ್ಲಿ ಹಾದುಹೋಗುವ ಯಾರದೋ ಫೋನು ತನ್ನ ಲೊಕೇಶನ್ನನ್ನು ಆ ಕೀಲಿಯಿಂದ ಬೀಗ ಹಾಕಿ ಮೇಲಕ್ಕೆ ಕಳಿಸುತ್ತದೆ. ಬಿಚ್ಚುವ ಕೀಲಿ ಟ್ಯಾಗಿನ ಒಡೆಯರ ಬಳಿ ಮಾತ್ರ ಇದೆ, ಕಂಪನಿಗೂ ಒಳಗೇನಿದೆ ಗೊತ್ತಾಗುವುದಿಲ್ಲ. ಇಷ್ಟೆಲ್ಲ ಜಾಣತನ ಇದ್ದೂ ಇನ್ನೊಬ್ಬರ ಚೀಲಕ್ಕೆ ಗುಟ್ಟಾಗಿ ಟ್ಯಾಗ್ ಹಾಕಿ ಹಿಂಬಾಲಿಸಬಹುದು ಅನ್ನುವುದನ್ನು ಮೊದಲೇ ಪೂರ್ತಿ ಯೋಚಿಸಿರಲಿಲ್ಲ. ಯಾವ ಕಂಪನಿಯ ಟ್ಯಾಗ್ ಆದರೂ ಐಫೋನ್, ಆಂಡ್ರಾಯ್ಡ್ ಎರಡೂ ಬಗೆಯ ಫೋನುಗಳಲ್ಲಿ ಎಚ್ಚರಿಕೆ ಬರುವಂತೆ ಆ್ಯಪಲ್ ಮತ್ತು ಗೂಗಲ್ ಒಟ್ಟಿಗೆ ಏರ್ಪಾಡು ಮಾಡಿದ್ದು 2024ರ ಮೇ ತಿಂಗಳಲ್ಲಿ. ಟ್ಯಾಗ್ ಮಾರುಕಟ್ಟೆಗೆ ಬಂದು ಮೂರು ವರ್ಷ ಆದ ಮೇಲೆ! ಬೀಗ ಎಷ್ಟೇ ಗಟ್ಟಿಯಿದ್ದರೂ ಒಡೆಯನೇ ಕೆಟ್ಟವನಾದರೆ ಏನು ಮಾಡೋದು?

ಕಂಪನಿಗಳು ಇನ್ನೊಂದು ದಾರಿಯನ್ನೂ ಕಂಡುಕೊಳ್ಳುತ್ತಿವೆ. 2023ರ ಡಿಸೆಂಬರಿನಲ್ಲಿ ಗೂಗಲ್ ನಮ್ಮ ಓಡಾಟದ ಇತಿಹಾಸವನ್ನು ಇನ್ನು ಮುಂದೆ ಫೋನಿನಲ್ಲೇ ಇಡುತ್ತೇವೆ ಎಂದು ಹೇಳಿತು. ಅದಕ್ಕೂ ಮೊದಲು ಅಮೆರಿಕದ ಪೊಲೀಸರು ‘ಇಂಥ ಹೊತ್ತಿನಲ್ಲಿ ಈ ಜಾಗದಲ್ಲಿದ್ದ ಎಲ್ಲರ ಪಟ್ಟಿ ಕೊಡಿ’ ಎಂದು ವಾರಂಟ್ ತರುತ್ತಿದ್ದರು. ತನ್ನ ಬಳಿ ಇಲ್ಲದ್ದನ್ನು ಕಂಪನಿ ಯಾರಿಗೂ ಕೊಡಬೇಕಾಗಿಲ್ಲ, ಕಳ್ಳರೂ ಕದಿಯಲಾರರು. ಲಾಭದ ಲೆಕ್ಕವೇ ಕಂಪನಿಯನ್ನು ಈ ಕಡೆ ತಳ್ಳಿದರೆ ಕಾನೂನಿಗಿಂತ ಬೇಗ ಕೆಲಸ ಆಗುತ್ತದೆ.

ಇನ್ನು ನಂಬಿಕೆಯ ಮಾತು. 20,200 ಕಿ.ಮೀ. ದೂರದಿಂದ ಬರುವ ಸಿಗ್ನಲ್ ಬಹಳ ಕ್ಷೀಣ. ಅದನ್ನು ಮುಳುಗಿಸಲು ದೊಡ್ಡ ಯಂತ್ರ ಬೇಡ. 2012ರಲ್ಲಿ ಅಮೆರಿಕದ ನ್ಯೂವಾರ್ಕ್ ವಿಮಾನ ನಿಲ್ದಾಣದಲ್ಲಿ ವಿಮಾನ ಇಳಿಸಲು ನೆರವಾಗುವ ವ್ಯವಸ್ಥೆಗೆ ಅಡ್ಡಿಯಾಗುತ್ತಿತ್ತು. ಹುಡುಕಿದರೆ, ಕಂಪನಿ ಗಾಡಿಯ ಒಬ್ಬ ಚಾಲಕ ಮಾಲೀಕರಿಗೆ ತಾನೆಲ್ಲಿದ್ದೇನೆ ತಿಳಿಯದಿರಲಿ ಅಂತ ಚಿಕ್ಕ ಜಾಮರ್ ಹಾಕಿಕೊಂಡು ಓಡಾಡುತ್ತಿದ್ದ. ಅವನ ಮೇಲೆ 31,875 ಡಾಲರ್ ದಂಡ ಹಾಕಲು ಅಧಿಕಾರಿಗಳು ಮುಂದಾದರು. ಅತಿಯಾದ ಕಣ್ಗಾವಲಿಗೆ ಜನ ಹೇಗೆ ಉತ್ತರ ಕೊಡುತ್ತಾರೆ ಅನ್ನುವುದಕ್ಕೂ ಇದು ಉದಾಹರಣೆ. 2024ರಲ್ಲಿ ಫಿನ್ನೇರ್ ವಿಮಾನ ಸಂಸ್ಥೆ ಎಸ್ಟೋನಿಯಾದ ತಾರ್ತು ನಗರಕ್ಕೆ ಒಂದು ತಿಂಗಳು ಹಾರಾಟವನ್ನೇ ನಿಲ್ಲಿಸಿತು. ಅಲ್ಲಿ ಇಳಿಯುವ ವಿಧಾನ ಜಿಪಿಎಸ್ ಮೇಲೆ ನಿಂತಿತ್ತು, ಜಿಪಿಎಸ್‌ಗೆ ಅಡ್ಡಿ ನಿಲ್ಲಲಿಲ್ಲ. ಬೇರೆ ವಿಧಾನ ಅಳವಡಿಸಿದ ಮೇಲೆ ವಿಮಾನ ಮತ್ತೆ ಬಂತು. ಅಡ್ಡಿ ಒಂದಾದರೆ ಸುಳ್ಳು ಸಿಗ್ನಲ್ ಇನ್ನೊಂದು. ಇದು ನಾನೇ ಕಳಿಸಿದ್ದು ಎಂದು ಉಪಗ್ರಹ ಸಹಿ ಹಾಕಿ ಕಳಿಸುವ ಸೇವೆಯನ್ನು ಗೆಲಿಲಿಯೋ 2025ರಲ್ಲಿ ಅಧಿಕೃತವಾಗಿ ಶುರು ಮಾಡಿದೆ. ತುಂಬಾ ಕೆಳಗಿನ ಕಕ್ಷೆಯಿಂದ ಜೋರಾದ ಸಿಗ್ನಲ್ ಕೊಡುವ ಪ್ರಯೋಗಗಳೂ ನಡೆಯುತ್ತಿವೆ.

ಆದರೆ ಉಪಗ್ರಹ ಸತ್ಯ ಹೇಳಿದರೂ ಮ್ಯಾಪ್ ಸುಳ್ಳು ಹೇಳಬಹುದು. 2020ರಲ್ಲಿ ಸೈಮನ್ ವೆಕರ್ಟ್ ಎಂಬ ಕಲಾವಿದ ಬರ್ಲಿನ್ನಿನಲ್ಲಿ ಒಂದು ಪುಟ್ಟ ಕೈಗಾಡಿಯಲ್ಲಿ 99 ಹಳೆಯ ಫೋನ್ ತುಂಬಿಕೊಂಡು ಖಾಲಿ ರಸ್ತೆಯಲ್ಲಿ ನಿಧಾನವಾಗಿ ಎಳೆದುಕೊಂಡು ಹೋದ. ಫೋನುಗಳೆಲ್ಲ ಗೂಗಲ್ ಮ್ಯಾಪ್ ತೆರೆದಿದ್ದವು. ಮ್ಯಾಪಿನಲ್ಲಿ ಹಸಿರಿದ್ದ ರಸ್ತೆ, ಗಾಡಿಗಳು ಕಿಕ್ಕಿರಿದಿವೆ ಎಂಬಂತೆ, ಕೆಂಪಾಯಿತು. ಈ ಸೇವೆಗಳು ಊರನ್ನು ನೋಡಿ ಹೇಳುವುದಷ್ಟೇ ಅಲ್ಲ, ಊರನ್ನು ಬದಲಿಸುತ್ತವೆ ಕೂಡ. ನ್ಯೂಜೆರ್ಸಿಯ ಲಿಯೋನಿಯಾ ಎಂಬ ಪುಟ್ಟ ಊರು 2018ರಲ್ಲಿ ತನ್ನ ಸುಮಾರು 60 ಬೀದಿಗಳನ್ನು ಓಡಾಟ ಹೆಚ್ಚಿರುವ ಹೊತ್ತಿನಲ್ಲಿ ಹೊರಗಿನವರಿಗೆ ಮುಚ್ಚಿತು. ಆ್ಯಪ್‌ಗಳು ಹತ್ತಿರದ ದಾರಿ ಅಂತ ಸೇತುವೆಗೆ ಹೋಗುವ ಗಾಡಿಗಳನ್ನೆಲ್ಲ ಮನೆಗಳ ಮುಂದೆ ನುಗ್ಗಿಸುತ್ತಿದ್ದವು.

ಮುಂದೆ ಏನು ಅಂತ ನೇರವಾಗಿ ಹೇಳಿ ಅನ್ನುತ್ತೀರಿ. ಅಂಗಡಿ ಮುಂದೆ ಹಾಯುವಾಗ ಫೋನಿಗೆ ಆಫರ್ ಬರುವ ಕನಸನ್ನು ಮಾರಾಟದವರು ಇಪ್ಪತ್ತು ವರ್ಷದಿಂದ ಮಾರುತ್ತಿದ್ದಾರೆ. ಅದು ಆಗಲೂ ಯಾರಿಗೂ ಬೇಕಿರಲಿಲ್ಲ, ಈಗಲೂ ಬೇಡ. ನನ್ನ ಕಣ್ಣಿರುವುದು ಮಾತಾಡುವ ಎಐ ಸಹಾಯಕರ ಮೇಲೆ. ‘ಹತ್ತಿರದಲ್ಲಿ ಔಷಧಿ ಅಂಗಡಿ ತೆರೆದಿದೆಯಾ’ ಅಂತ ಕೇಳಿದರೆ ಅದು ನಮ್ಮ ಪರವಾಗಿ ನಾಲ್ಕಾರು ಸೇವೆಗಳನ್ನು ವಿಚಾರಿಸಬಹುದು. ಅದರಲ್ಲಿ ಯಾರಿಗೆ ಎಷ್ಟು ಅಂಕಿ ಕೊಟ್ಟಿತು? ಅನುಮತಿ ಕೇಳುವ ಪೆಟ್ಟಿಗೆ ಪರದೆ ಮೇಲೆ ಬರುವುದೇ ಇಲ್ಲ. ಒಳ್ಳೆಯ ಸಹಾಯಕ ಅಂದರೆ ಪಟ್ಟಿ ತರಿಸಿಕೊಳ್ಳುವಾಗ ಎರಡಂಕಿ ಕೊಟ್ಟು, ಹತ್ತಿರದ್ದು ಯಾವುದು ಎಂದು ಫೋನಿನೊಳಗೇ ವಿಂಗಡಿಸಬೇಕು. ತಾಂತ್ರಿಕವಾಗಿ ಇದು ಇವತ್ತೇ ಆಗುವ ಕೆಲಸ. ಹಾಗೆ ಮಾಡು ಎಂದು ಕೇಳುವವರು ಇಲ್ಲ, ಅಷ್ಟೇ.

ಉಪನ್ಯಾಸದ ನಂತರ ಬಂದ ಮೂರು ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇನೆ.

ಲೊಕೇಶನ್ ಆಫ್ ಮಾಡಿಟ್ಟರೆ ಸಾಕಲ್ವಾ, ಎಂದು ಒಬ್ಬರು ಕೇಳಿದರು. ಸಾಲದು. ಕರೆ ತಲುಪಿಸಬೇಕಾದರೆ ನೀವು ಯಾವ ಟವರಿನ ಕೆಳಗಿದ್ದೀರಿ ಎಂದು ನೆಟ್‌ವರ್ಕಿಗೆ ಗೊತ್ತಿರಲೇಬೇಕು. ಐಪಿ ವಿಳಾಸವೂ ಅರ್ಧಂಬರ್ಧ ಹೇಳುತ್ತದೆ. ಆಫ್ ಮಾಡುವ ಬದಲು ಸೆಟ್ಟಿಂಗಿಗೆ ಹೋಗಿ ಯಾವ ಆ್ಯಪ್‌ಗೆ ‘ಯಾವಾಗಲೂ’ ಅಂತ ಇದೆ ನೋಡಿ. ಅದನ್ನು ‘ಬಳಸುವಾಗ ಮಾತ್ರ’ ಮಾಡಿ. ಮ್ಯಾಪ್, ಕ್ಯಾಬ್ ಬಿಟ್ಟು ಉಳಿದವಕ್ಕೆ ನಿಖರ ಲೊಕೇಶನ್ ತೆಗೆದುಹಾಕಿ. ಯಾವುದಾದರೂ ಕೆಟ್ಟರೆ ಮತ್ತೆ ಕೊಟ್ಟರಾಯಿತು.

ಜಿಪಿಎಸ್ ಪೂರ್ತಿ ನಿಂತುಹೋದರೆ ದಾರಿ ತಪ್ಪುತ್ತೇವಾ, ಎಂದು ಇನ್ನೊಬ್ಬರು. ದಾರಿ ತಪ್ಪುವುದು ಚಿಕ್ಕ ತೊಂದರೆ. ಮೊಬೈಲ್ ಟವರುಗಳು, ವಿದ್ಯುತ್ ಜಾಲ, ಹಣಕಾಸಿನ ವ್ಯವಹಾರಗಳು ತಮ್ಮ ಗಡಿಯಾರ ಹೊಂದಿಸಿಕೊಳ್ಳುವುದೂ ಆ ಉಪಗ್ರಹಗಳಿಂದಲೇ. ಅಲ್ಲಿ ಪೆಟ್ಟು ಬೀಳುತ್ತದೆ. ನೆಲದ ಮೇಲಿನಿಂದ ಸಮಯ ಸಾರುವ ಹಳೆಯ ರೇಡಿಯೋ ವಿಧಾನಗಳನ್ನು ಹೊಸದಾಗಿ ಕಟ್ಟುವ ಮಾತು ಕೆಲವು ದೇಶಗಳಲ್ಲಿ ಮತ್ತೆ ಎದ್ದಿರುವುದು ಅದಕ್ಕೇ.

ಕೊನೆಯ ಪ್ರಶ್ನೆ ಒಬ್ಬ ತಾಯಿಯದು. ಮಗಳು ಶಾಲೆಗೆ ಹೋಗಿ ಬರುವುದನ್ನು ಫೋನಿನಲ್ಲಿ ನೋಡುತ್ತಾ ಇರುತ್ತೇನೆ, ತಪ್ಪಾ? ನಾನು ಕೇಳಿದೆ: ನಿಮಗೆ ಅವಳ ದಾರಿ ಬೇಕಾ ಅಥವಾ ತಲುಪಿದಳು ಅನ್ನುವ ಸುದ್ದಿ ಬೇಕಾ? ತಲುಪಿದ್ದು ಗೊತ್ತಾದರೆ ಸಾಕು ಎಂದರು. ಹಾಗಾದರೆ ಶಾಲೆಯ ಸುತ್ತ ಒಂದು ಗಡಿ ಹಾಕಿ, ಒಳಗೆ ಕಾಲಿಟ್ಟಾಗ ಮಾತ್ರ ಸಂದೇಶ ಬರುವ ಹಾಗೆ ಮಾಡಿಕೊಳ್ಳಬಹುದು. ಫೋನಿನಲ್ಲೇ ಗಡಿ ನೋಡುವ ಆ್ಯಪ್ ಆದರೆ ನಡುದಾರಿಯ ಚುಕ್ಕೆಗಳು ಯಾರ ಸರ್ವರಿಗೂ ಹೋಗುವುದಿಲ್ಲ. ಮಗಳಿಗೂ ಹೇಳಿಯೇ ಹಾಕಿ ಎಂದೆ. ಅವಳಿಗೆ ಗೊತ್ತಿದೆ, ಅವಳೇ ಅದನ್ನು ಫೋನಿಗೆ ಹಾಕಿಕೊಟ್ಟಿದ್ದು ಎಂದು ಅವರು ನಕ್ಕರು.